ಸೀಕ್ವೆನ್ಸ್ ನೋಡಿ ಪ್ರೋಟೀನಿನ ಜಾಗ ಹೇಳುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಎಂಎಸ್ಸಿ ವಿದ್ಯಾರ್ಥಿಗಳು ಒಂದು ಪ್ರಶ್ನೆಯಲ್ಲಿ ಮತ್ತೆ ಮತ್ತೆ ಎಡವುತ್ತಾರೆ. ಪ್ರೋಟೀನಿನ ಸೀಕ್ವೆನ್ಸ್, ಅಂದರೆ ಅಮೈನೋ ಆಮ್ಲಗಳ ಸಾಲು ಕೊಟ್ಟು, ಇದು ಜೀವಕೋಶದ ಒಳಗೆ ಎಲ್ಲಿರುತ್ತದೆ, ಅಲ್ಲೇ ಯಾಕೆ ಉಳಿಯುತ್ತದೆ ಎಂದು ಕೇಳುವ ಪ್ರಶ್ನೆ ಅದು. ಸಾಲಿನ ಕೊನೆಯಲ್ಲಿ ಕೆ-ಡಿ-ಇ-ಎಲ್ ಎಂಬ ಅಕ್ಷರ ಕಂಡರೆ ಇಆರ್ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್), ಎಸ್-ಕೆ-ಎಲ್ ಕಂಡರೆ ಪೆರಾಕ್ಸಿಸೋಮ್, ಕೆ ಮತ್ತು ಆರ್ ಗುಂಪಾಗಿ ಕಂಡರೆ ನ್ಯೂಕ್ಲಿಯಸ್. ಬಾಯಿಪಾಠದ ಪಟ್ಟಿ ಹಾಗೇ ಹಾಳೆಗೆ ಇಳಿಯುತ್ತದೆ, ಅಂಕ ಹೋಗುತ್ತದೆ. ಪ್ರಾಜೆಕ್ಟ್ ಮಾಡುವವರು ಆನ್‌ಲೈನ್ ಟೂಲಿಗೆ ಸೀಕ್ವೆನ್ಸ್ ಹಾಕಿ, ಬಂದ ಉತ್ತರವನ್ನೇ ರಿಪೋರ್ಟಿಗೆ ಅಂಟಿಸುತ್ತಾರೆ. ವೈವಾದಲ್ಲಿ ‘ಯಾಕೆ?’ ಅಂದ ಕೂಡಲೇ ಮಾತು ನಿಲ್ಲುತ್ತದೆ.

ಪಟ್ಟಿಯಲ್ಲಿ ಇರುವುದೆಲ್ಲ ಸರಿ. ಆದರೆ ಜೀವಕೋಶ ಆ ಗುರುತುಗಳನ್ನು ಒಂದು ಕ್ರಮದಲ್ಲಿ ಓದುತ್ತದೆ, ಆ ಕ್ರಮ ಪಟ್ಟಿಯಲ್ಲಿ ಇರುವುದಿಲ್ಲ. ಪ್ರೋಟೀನ್ ತಯಾರಿಸುವ ರೈಬೋಸೋಮಿನಿಂದ ಮೊದಲು ಹೊರಬಂದ ಗುರುತು ಮೊದಲು ಕೆಲಸ ಮಾಡುತ್ತದೆ. ಕೊನೆಗೆ ಬರುವ ಗುರುತಿನ ಸರದಿ ಬರುವಷ್ಟರಲ್ಲಿ ಪ್ರೋಟೀನ್ ಬೇರೆ ಬಾಗಿಲು ದಾಟಿದ್ದರೆ, ಆ ಗುರುತು ಇದ್ದೂ ಇಲ್ಲದಂತೆ. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ಹಾರಿಸಬೇಡಿ, ಹಿಂದೆ ಮುಂದೆ ಮಾಡಬೇಡಿ.

## ಏನೇನು ಬೇಕು

ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಇಂಟರ್ನೆಟ್ ಇರುವ ಫೋನ್ ಅಥವಾ ಕಂಪ್ಯೂಟರ್. ವೆಬ್‌ಸೈಟುಗಳಲ್ಲಿ ಪ್ರೋಟೀನ್ ಸೀಕ್ವೆನ್ಸುಗಳ ಡೇಟಾಬೇಸ್ ಯೂನಿಪ್ರಾಟ್ ಮುಖ್ಯ. ಆಮೇಲೆ ಸೀಕ್ವೆನ್ಸ್ ನೋಡಿ ಜಾಗದ ಗುರುತು ಊಹಿಸುವ ಟೂಲುಗಳು: ಸಿಗ್ನಲ್‌ಪಿ, ಟಾರ್ಗೆಟ್‌ಪಿ, ಡೀಪ್‌ಟಿಎಂಎಚ್‌ಎಂಎಂ (ಪೊರೆ ದಾಟುವ ತುಂಡಿಗೆ), ಡೀಪ್‌ಲಾಕ್. ಮನುಷ್ಯರ ಪ್ರೋಟೀನ್ ಆದರೆ ಹ್ಯೂಮನ್ ಪ್ರೋಟೀನ್ ಅಟ್ಲಾಸ್. ಇವುಗಳನ್ನು ಹಣ ಕೊಡದೆ ಬಳಸಬಹುದು. ಅಮೈನೋ ಆಮ್ಲಗಳ ಒಂದಕ್ಷರದ ಸಂಕೇತ ಬಾಯಲ್ಲೇ ಇರಬೇಕು. ಕೆ ಅಂದರೆ ಲೈಸೀನ್, ಆರ್ ಅಂದರೆ ಆರ್ಜಿನೀನ್ ಎಂದು ಪ್ರತಿ ಸಲ ಚಾರ್ಟ್ ನೋಡುತ್ತ ಕೂತರೆ ಈ ಕೆಲಸ ಮುಂದೆ ಹೋಗುವುದಿಲ್ಲ.

## ಹಂತ 1: ಪೂರ್ತಿ ಸೀಕ್ವೆನ್ಸ್ ಇದೆಯೇ ನೋಡಿ

ಅತಿ ಜಾಸ್ತಿ ತಪ್ಪು ಆಗುವುದು ಇಲ್ಲೇ, ಕೆಲಸ ಶುರುವಾಗುವ ಮೊದಲೇ. ವಿದ್ಯಾರ್ಥಿಗಳು ಪಿಡಿಬಿಯಿಂದ, ಅಂದರೆ ಪ್ರೋಟೀನಿನ ರಚನೆ ಇಡುವ ಡೇಟಾಬೇಸಿನಿಂದ, ಸೀಕ್ವೆನ್ಸ್ ಇಳಿಸಿಕೊಳ್ಳುತ್ತಾರೆ. ರಚನೆ ಪತ್ತೆ ಮಾಡುವವರು ಸಾಮಾನ್ಯವಾಗಿ ಸಿಗ್ನಲ್ ಇರುವ ತುದಿಯನ್ನು ಕತ್ತರಿಸಿರುತ್ತಾರೆ, ಶುದ್ಧ ಮಾಡಲು ಆರು ಹಿಸ್ಟಿಡೀನ್ ಬಾಲ ಸೇರಿಸಿರುತ್ತಾರೆ. ಅಂಥ ಸೀಕ್ವೆನ್ಸಿನಲ್ಲಿ ವಿಳಾಸ ಹುಡುಕಿದರೆ ಸಿಗುವುದು ಹೇಗೆ?

ಇನ್ಸುಲಿನ್ ನೋಡಿ. ರಕ್ತದಲ್ಲಿ ಓಡಾಡುವ ಇನ್ಸುಲಿನ್‌ನಲ್ಲಿ 21 ಮತ್ತು 30 ಅಮೈನೋ ಆಮ್ಲಗಳ ಎರಡು ಸರಪಳಿ ಇವೆ. ಆದರೆ ರೈಬೋಸೋಮ್ ತಯಾರಿಸುವುದು 110 ಅಮೈನೋ ಆಮ್ಲಗಳ ಒಂದೇ ಸರಪಳಿ. ಅದರ ಮೊದಲ 24 ಸಿಗ್ನಲ್ ಪೆಪ್ಟೈಡ್, ಅಂದರೆ ಇಆರ್ ಒಳಗೆ ಬಿಡುವ ಗುರುತು. ಅದು ಕತ್ತರಿಸಿ ಹೋದ ಮೇಲಿನ ಸರಪಳಿಯನ್ನು ಟೂಲಿಗೆ ಕೊಟ್ಟರೆ ಅದು ‘ಸಿಗ್ನಲ್ ಇಲ್ಲ’ ಅನ್ನುತ್ತದೆ. ಟೂಲಿನ ತಪ್ಪಲ್ಲ, ಕೊಟ್ಟದ್ದೇ ಅರ್ಧ.

ಹಾಗಾಗಿ ಯೂನಿಪ್ರಾಟ್‌ನಲ್ಲಿ ‘ರಿವ್ಯೂಡ್’ ಎಂದಿರುವ ಪುಟವನ್ನೇ ತೆರೆಯಿರಿ. ಮೊದಲ ಅಕ್ಷರ ಎಂ, ಅಂದರೆ ಮೆಥಿಯೊನೀನ್, ಇರಬೇಕು. ‘ಫ್ರಾಗ್‌ಮೆಂಟ್’ ಎಂದು ಬರೆದಿದ್ದರೆ ಬಿಟ್ಟುಬಿಡಿ. ಒಂದೇ ಜೀನಿನಿಂದ ಬೇರೆ ಬೇರೆ ಐಸೋಫಾರ್ಮ್ (ಪ್ರೋಟೀನಿನ ರೂಪ) ಇದ್ದರೆ ಯಾವುದು ನಿಮ್ಮದು ಎಂದು ಬರೆದುಕೊಳ್ಳಿ. ಎಷ್ಟೋ ಐಸೋಫಾರ್ಮುಗಳಲ್ಲಿ ಬದಲಾಗುವುದು ತುದಿಯೇ. ಜಾಗ ಬದಲಾಗುವುದೂ ಅದರಿಂದಲೇ.

ಅದೇ ಪುಟದಲ್ಲಿ ಪ್ರೋಟೀನ್ ಎಲ್ಲಿರುತ್ತದೆ ಎಂಬ ವಿಭಾಗವೂ ಇದೆ. ಅಭ್ಯಾಸ ಮಾಡುವಾಗ ಅದನ್ನು ಮೊದಲು ನೋಡಬೇಡಿ. ಉತ್ತರ ನೋಡಿ ಲೆಕ್ಕ ಬಿಡಿಸಿದರೆ ಪರೀಕ್ಷೆಯಲ್ಲಿ ಕೈ ಓಡುವುದಿಲ್ಲ.

## ಹಂತ 2: ಎರಡೂ ತುದಿ ಕೈಯಲ್ಲಿ ಬರೆಯಿರಿ

ಮೊದಲ 60 ಅಕ್ಷರ, ಕೊನೆಯ 10 ಅಕ್ಷರ. ಕಾಪಿ ಪೇಸ್ಟ್ ಬೇಡ, ಕೈಯಲ್ಲೇ ಬರೆಯಿರಿ. ಕೆ ಮತ್ತು ಆರ್‌ಗೆ ಒಂದು ಬಣ್ಣದಲ್ಲಿ ಸುತ್ತು ಹಾಕಿ, ಇವು ಪಾಸಿಟಿವ್ ಚಾರ್ಜ್ ಇರುವ ಅಕ್ಷರ. ನೆಗೆಟಿವ್ ಆದ ಡಿ ಮತ್ತು ಇ ಗೆ ಇನ್ನೊಂದು ಬಣ್ಣ. ಎಲ್, ಎ, ವಿ, ಐ, ಎಫ್ ಒಟ್ಟೊಟ್ಟಿಗೆ ಬಂದ ಕಡೆ ಗೆರೆ ಎಳೆಯಿರಿ. ಇವು ನೀರು ಒಲ್ಲದ ಅಮೈನೋ ಆಮ್ಲಗಳು.

ಐದು ನಿಮಿಷದ ಕೆಲಸ. ಇದನ್ನು ಬಿಟ್ಟವರಿಗೆ ಮುಂದಿನ ಹಂತಗಳು ಸುಮ್ನೆ ಊಹೆಯಾಗುತ್ತವೆ.

## ಹಂತ 3: ಮೊದಲ ಪ್ರಶ್ನೆ, ಇಆರ್‌ಗೆ ಹೋಗುತ್ತದೆಯೋ ಇಲ್ಲವೋ?

ಬೇರೆ ಎಲ್ಲದಕ್ಕಿಂತ ಮೊದಲು ಇದನ್ನೇ ಕೇಳಬೇಕು. ಸರಪಳಿ ಇನ್ನೂ ತಯಾರಾಗುತ್ತಿರುವಾಗಲೇ ಅದರ ಮುಂದಿನ ತುದಿ ರೈಬೋಸೋಮಿನಿಂದ ಹೊರಬರುತ್ತದೆ. ಅಲ್ಲಿ ಸಿಗ್ನಲ್ ಪೆಪ್ಟೈಡ್ ಇದ್ದರೆ ಎಸ್‌ಆರ್‌ಪಿ ಎಂಬ ಕಣ ಬಂದು ಹಿಡಿಯುತ್ತದೆ, ತಯಾರಿಕೆಯನ್ನು ಸ್ವಲ್ಪ ತಡೆಯುತ್ತದೆ, ಇಡೀ ರೈಬೋಸೋಮನ್ನು ಇಆರ್ ಪೊರೆಗೆ ಒಯ್ದು ಸೆಕ್61 ಎಂಬ ರಂಧ್ರಕ್ಕೆ ಕೂಡಿಸುತ್ತದೆ. ಆಮೇಲೆ ಸರಪಳಿ ನೇರ ಇಆರ್ ಒಳಗೇ ಇಳಿಯುತ್ತದೆ. ಈ ಹೊತ್ತಿಗೆ ಬಾಲದ ತುದಿ ಇನ್ನೂ ತಯಾರೇ ಆಗಿಲ್ಲ. ಬಾಲದಲ್ಲಿ ಎಸ್-ಕೆ-ಎಲ್ ಇದ್ದರೂ ಅದನ್ನು ಓದುವವರು ಸೈಟೋಸಾಲಿನಲ್ಲಿ, ಅಂದರೆ ಅಂಗಕಗಳ ಹೊರಗಿನ ಕೋಶದ್ರವದಲ್ಲಿ, ಕಾದು ಕೂತಿರುತ್ತಾರೆ, ಪ್ರೋಟೀನ್ ಅಲ್ಲಿಗೆ ಬರುವುದೇ ಇಲ್ಲ.

ಸಿಗ್ನಲ್ ಪೆಪ್ಟೈಡ್ ಸಾಮಾನ್ಯವಾಗಿ 15ರಿಂದ 30 ಅಮೈನೋ ಆಮ್ಲ ಉದ್ದ. ಮೂರು ಭಾಗ ಹುಡುಕಿ. ಶುರುವಿನಲ್ಲಿ ಒಂದೆರಡು ಪಾಸಿಟಿವ್ ಅಕ್ಷರ. ನಡುವೆ 7ರಿಂದ 15ರಷ್ಟು ನೀರು ಒಲ್ಲದ ಅಕ್ಷರಗಳ ಒಂದೇ ಗಟ್ಟಿ ತುಂಡು. ಕೊನೆಗೆ ಕತ್ತರಿಸುವ ಜಾಗ, ಅದರ ಹಿಂದಿನ ಒಂದನೆಯ ಮತ್ತು ಮೂರನೆಯ ಸ್ಥಾನದಲ್ಲಿ ಅಲನೀನ್‌ನಂಥ ಚಿಕ್ಕ ಅಮೈನೋ ಆಮ್ಲ.

ಇನ್ಸುಲಿನ್ ತುದಿಯನ್ನೇ ಬರೆದು ನೋಡಿ: ಎಂ-ಎ-ಎಲ್-ಡಬ್ಲ್ಯು-ಎಂ-ಆರ್-ಎಲ್-ಎಲ್-ಪಿ-ಎಲ್-ಎಲ್-ಎ-ಎಲ್-ಎಲ್-ಎ-ಎಲ್-ಡಬ್ಲ್ಯು-ಜಿ-ಪಿ-ಡಿ-ಪಿ-ಎ-ಎ-ಎ. ಆರನೆಯದು ಆರ್, ಪಾಸಿಟಿವ್. ಅಲ್ಲಿಂದ ಮುಂದೆ ಎಲ್ ಮತ್ತು ಎ ಗಳದ್ದೇ ರಾಜ್ಯ. ಕೊನೆಗೆ ಎ-ಎ-ಎ, ಅಲ್ಲೇ ಕತ್ತರಿ. ಇಷ್ಟು ಸ್ಪಷ್ಟವಾಗಿ ಕಂಡರೆ ಟೂಲ್ ತೆರೆಯುವ ಮೊದಲೇ ಉತ್ತರ ನಿಮ್ಮ ಕೈಯಲ್ಲಿದೆ.

ಇಲ್ಲಿ ಒಂದು ಗೊಂದಲ ಸಾಮಾನ್ಯ. ಮೈಟೊಕಾಂಡ್ರಿಯಾ ಗುರುತೂ ಮುಂದಿನ ತುದಿಯಲ್ಲೇ ಇರುತ್ತದೆ, ಅದರಲ್ಲೂ ಪಾಸಿಟಿವ್ ಅಕ್ಷರ ಇರುತ್ತವೆ. ಎರಡನ್ನೂ ಬೇರೆ ಮಾಡುವುದು ಹೇಗೆ? ಯೀಸ್ಟಿನ ಕಾಕ್ಸ್4 ಪ್ರೋಟೀನಿನ ತುದಿ ಬರೆಯಿರಿ: ಎಂ-ಎಲ್-ಎಸ್-ಎಲ್-ಆರ್-ಕ್ಯೂ-ಎಸ್-ಐ-ಆರ್-ಎಫ್-ಎಫ್-ಕೆ-ಪಿ-ಎ-ಟಿ-ಆರ್-ಟಿ-ಎಲ್-ಸಿ-ಎಸ್-ಎಸ್-ಆರ್-ವೈ-ಎಲ್-ಎಲ್. ಇಲ್ಲಿ ಗಟ್ಟಿ ತುಂಡು ಇಲ್ಲ. ಪಾಸಿಟಿವ್ ಅಕ್ಷರಗಳು 5, 9, 12, 16ನೆಯ ಸ್ಥಾನದಲ್ಲಿ, ಮೂರು ನಾಲ್ಕು ಅಕ್ಷರಕ್ಕೊಂದರಂತೆ ಹರಡಿವೆ, ಇನ್ನೊಂದು 22ರಲ್ಲಿದೆ. ಡಿ ಅಥವಾ ಇ ಒಂದೂ ಇಲ್ಲ.

ಇಂಥ ತುದಿ ಹೆಲಿಕ್ಸ್, ಅಂದರೆ ಸುರುಳಿ ಆಗುತ್ತದೆ. ಹೆಲಿಕ್ಸ್ ಒಂದು ಸುತ್ತಿಗೆ 3.6 ಅಮೈನೋ ಆಮ್ಲ ತೆಗೆದುಕೊಳ್ಳುತ್ತದೆ. ಅಂದರೆ ಒಂದೊಂದು ಅಕ್ಷರಕ್ಕೆ 100 ಡಿಗ್ರಿ ತಿರುವು. ಹಾಳೆಯ ಮೇಲೆ ಒಂದು ವೃತ್ತ ಬರೆದು 100 ಡಿಗ್ರಿಗೊಂದರಂತೆ ಈ ಅಕ್ಷರಗಳನ್ನು ಇಡಿ. ಪಾಸಿಟಿವ್ ಎಲ್ಲ ಒಂದು ಪಕ್ಕಕ್ಕೆ, ನೀರು ಒಲ್ಲದವು ಬಹುಪಾಲು ಇನ್ನೊಂದು ಪಕ್ಕಕ್ಕೆ ಬಂದು ಕೂರುತ್ತವೆ. ಮೈಟೊಕಾಂಡ್ರಿಯಾದ ಹೊರಪೊರೆಯ ಬಾಗಿಲು ಹುಡುಕುವುದು ಇಂಥ ಎರಡು ಮುಖದ ಹೆಲಿಕ್ಸನ್ನೇ. ಇದನ್ನು ಒಂದು ಸಲ ಕೈಯಿಂದ ಮಾಡಿದವರು ಮತ್ತೆ ಎರಡನ್ನೂ ಅದಲು ಬದಲು ಮಾಡುವುದಿಲ್ಲ.

## ಹಂತ 4: ಇಆರ್ ಒಳಗೆ ಹೋದರೆ, ನಿಲ್ಲುವುದು ಎಲ್ಲಿ?

ಸಿಗ್ನಲ್ ಪೆಪ್ಟೈಡ್ ಕಂಡಿತು, ಉತ್ತರ ‘ಇಆರ್’ ಎಂದು ಬರೆದು ಮುಗಿಸುವುದು ಎರಡನೆಯ ದೊಡ್ಡ ತಪ್ಪು. ಸಿಗ್ನಲ್ ಪೆಪ್ಟೈಡ್ ಒಳಗೆ ಬಿಡುವ ಕೆಲಸ ಮಾತ್ರ ಮಾಡುತ್ತದೆ. ಇಆರ್ ಒಳಗೆ ಕರಗಿರುವ ಪ್ರೋಟೀನಿಗೆ ಬೇರೆ ಗುರುತು ಏನೂ ಇಲ್ಲದಿದ್ದರೆ ಅದು ಮುಂದಿನ ನಿಲ್ದಾಣವಾದ ಗಾಲ್ಗಿ ದಾಟಿ ಜೀವಕೋಶದಿಂದ ಹೊರಗೇ ಹೋಗುತ್ತದೆ. ಹೊರಗೆ ಹೋಗದಂತೆ ತಡೆಯುವುದು ಏನಿದೆ ಎಂದು ಈಗ ಹುಡುಕಬೇಕು.

ಕೊನೆಯ ನಾಲ್ಕು ಅಕ್ಷರ. ಪ್ರಾಣಿಗಳಲ್ಲಿ ಹೆಚ್ಚಾಗಿ ಕೆ-ಡಿ-ಇ-ಎಲ್, ಯೀಸ್ಟಿನಲ್ಲಿ ಎಚ್-ಡಿ-ಇ-ಎಲ್, ಗಿಡಗಳಲ್ಲಿ ಎರಡೂ ಸಿಗುತ್ತವೆ. ಇವು ಪ್ರೋಟೀನನ್ನು ಇಆರ್‌ನಲ್ಲಿ ಕಟ್ಟಿಹಾಕುವುದಿಲ್ಲ. ಹೊಲ ದಾಟಿ ಹೋದ ಎತ್ತನ್ನು ಹಿಡಿದು ತಂದು ಮತ್ತೆ ಕೊಟ್ಟಿಗೆಗೆ ಬಿಡುವ ಹಾಗೆ, ಗಾಲ್ಗಿಗೆ ಜಾರಿದ ಪ್ರೋಟೀನನ್ನು ಅಲ್ಲಿನ ರಿಸೆಪ್ಟರ್ ಹಿಡಿದು ಕಾಪ್1 ಕೋಶಿಕೆಯಲ್ಲಿ (ಪೊರೆಯ ಪುಟ್ಟ ಚೀಲದಲ್ಲಿ) ವಾಪಸ್ ಕಳಿಸುತ್ತದೆ. ಗಾಲ್ಗಿಯಲ್ಲಿ ಆಮ್ಲೀಯತೆ ಸ್ವಲ್ಪ ಜಾಸ್ತಿ, ಅಲ್ಲಿ ರಿಸೆಪ್ಟರ್ ಗಟ್ಟಿಯಾಗಿ ಹಿಡಿಯುತ್ತದೆ. ಇಆರ್‌ನಲ್ಲಿ ಆಮ್ಲೀಯತೆ ಕಡಿಮೆ, ಅಲ್ಲಿ ಬಿಡುತ್ತದೆ. ಇಆರ್‌ನಲ್ಲೇ ಇರುವ ಪ್ರೋಟೀನುಗಳಾದ ಪಿಡಿಐ, ಬಿಪ್, ಕ್ಯಾಲ್‌ರೆಟಿಕ್ಯುಲಿನ್ ಮೂರೂ ಅಭ್ಯಾಸಕ್ಕೆ ಒಳ್ಳೆಯವು. ಮೂರರಲ್ಲೂ ಮುಂದೆ ಸಿಗ್ನಲ್ ಪೆಪ್ಟೈಡ್, ಕೊನೆಗೆ ಕೆ-ಡಿ-ಇ-ಎಲ್.

ಎರಡು ಷರತ್ತು ನೆನಪಿರಲಿ. ಈ ನಾಲ್ಕು ಅಕ್ಷರ ಕಟ್ಟಕಡೆಗೇ ಇರಬೇಕು, ನಡುವೆ ಎಲ್ಲೋ ಬಂದರೆ ಲೆಕ್ಕಕ್ಕಿಲ್ಲ. ಮತ್ತೆ, ಮುಂದೆ ಸಿಗ್ನಲ್ ಪೆಪ್ಟೈಡ್ ಇಲ್ಲದ ಪ್ರೋಟೀನಿನ ಕೊನೆಗೆ ಕೆ-ಡಿ-ಇ-ಎಲ್ ಇದ್ದರೂ ಉಪಯೋಗ ಇಲ್ಲ. ಒಳಗೇ ಹೋಗದ್ದನ್ನು ವಾಪಸ್ ತರುವ ಮಾತೇ ಇಲ್ಲ, ಅಲ್ವಾ?

ಪೊರೆ ದಾಟುವ ತುಂಡು. ಸುಮಾರು 20 ನೀರು ಒಲ್ಲದ ಅಕ್ಷರ ಸಾಲಾಗಿ ಬಂದರೆ ಪ್ರೋಟೀನ್ ಪೊರೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ಯಾವ ತುದಿ ಸೈಟೋಸಾಲ್ ಕಡೆ ಇದೆ ಎಂದು ಬರೆದುಕೊಳ್ಳಿ. ಪೊರೆಯ ಆಚೀಚೆ ನೋಡಿದರೆ ಕೆ ಮತ್ತು ಆರ್ ಜಾಸ್ತಿ ಇರುವ ಕಡೆ ಸಾಮಾನ್ಯವಾಗಿ ಸೈಟೋಸಾಲ್ ಕಡೆ. ಬಾಲ ಸೈಟೋಸಾಲ್‌ನಲ್ಲಿದ್ದು, ಕೊನೆಯಿಂದ ಮೂರು ಮತ್ತು ನಾಲ್ಕನೆಯ ಸ್ಥಾನದಲ್ಲಿ ಕೆ ಇದ್ದರೆ ಅದೂ ಇಆರ್‌ಗೆ ವಾಪಸ್ ಕರೆಸುವ ಗುರುತು. ಅದೇ ಕೆ-ಕೆ ಬಾಲ ಇಆರ್ ಒಳಮುಖಕ್ಕಿದ್ದರೆ ಕೆಲಸ ಮಾಡುವುದಿಲ್ಲ.

ಸೀಕ್ವೆನ್ಸಿನಲ್ಲಿ ನೇರ ಕಾಣದ ಗುರುತು. ಲೈಸೋಸೋಮಿಗೆ ಹೋಗುವ ಕಿಣ್ವಗಳಿಗೆ ಮ್ಯಾನೋಸ್-6-ಫಾಸ್ಫೇಟ್ ಎಂಬ ಸಕ್ಕರೆ ಗುರುತು ಬೀಳುತ್ತದೆ. ಗಾಲ್ಗಿಯ ಕಿಣ್ವ ಪ್ರೋಟೀನ್ ಮಡಚಿದ ಮೇಲೆ ಅದರ ಮೈಯನ್ನು ನೋಡಿ ಈ ಗುರುತು ಹಾಕುತ್ತದೆ. ಸಾಲಾಗಿ ಓದಿದರೆ ಇದು ಸಿಗುವುದಿಲ್ಲ. ಆ ಕಿಣ್ವ ಕೆಲಸ ಮಾಡದಿದ್ದರೆ ಐ-ಸೆಲ್ ಎಂಬ ಕಾಯಿಲೆ. ಲೈಸೋಸೋಮಿನ ಕಿಣ್ವಗಳು ಗುರುತಿಲ್ಲದೆ ಹೊರಗೆ ಸೋರಿ ರಕ್ತ ಸೇರುತ್ತವೆ.

ನಮ್ಮ ತೊಗರಿಯೂ ಇದೇ ದಾರಿಯಲ್ಲಿದೆ. 2019ರಲ್ಲಿ ಜಿಐ ಟ್ಯಾಗ್ ಪಡೆದ ಕಲಬುರಗಿ ತೊಗರಿಬೇಳೆಯಲ್ಲಿ ಐದನೇ ಒಂದು ಭಾಗದಷ್ಟು ಪ್ರೋಟೀನೇ ಇರುತ್ತದೆ. ಅದರಲ್ಲಿ ಹೆಚ್ಚಿನದು ಬೀಜ ಕೂಡಿಡುವ ಗ್ಲಾಬ್ಯುಲಿನ್. ಇದು ‘ಎಲ್ಲಿರುತ್ತದೆ’ ಎಂದು ಕೇಳಿದರೆ ಬಹಳ ಜನ ಸೈಟೋಸಾಲ್ ಅನ್ನುತ್ತಾರೆ. ಬೆಳೆಯುವ ಬೀಜದಲ್ಲಿ ಈ ಪ್ರೋಟೀನುಗಳು ಒರಟು ಇಆರ್ ಮೇಲೆ ತಯಾರಾಗಿ, ಒಳಗಿಳಿದು, ಪ್ರೋಟೀನ್ ಕೂಡಿಡುವ ವ್ಯಾಕ್ಯುವೋಲಿಗೆ (ಕೋಶದೊಳಗಿನ ಚೀಲಕ್ಕೆ) ಸೇರುತ್ತವೆ. ಮುಂದಿನ ತುದಿಯಲ್ಲಿ ಸಿಗ್ನಲ್ ಪೆಪ್ಟೈಡ್ ಸಿಗುತ್ತದೆ. ವ್ಯಾಕ್ಯುವೋಲಿನ ಗುರುತು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಗಿಡದ ಬೀಜದ ಪ್ರೋಟೀನಿಗೆ ಟೂಲ್ ‘ಹೊರಗೆ ಹೋಗುತ್ತದೆ’ ಎಂದರೆ ಒಪ್ಪುವ ಮೊದಲು ವ್ಯಾಕ್ಯುವೋಲ್ ಇರಬಹುದೇ ಎಂದು ಯೋಚಿಸಿ.

## ಹಂತ 5: ಇಆರ್‌ಗೆ ಹೋಗದಿದ್ದರೆ

ಈಗ ಪ್ರೋಟೀನ್ ಸೈಟೋಸಾಲಿನಲ್ಲಿ ತಯಾರಾಗಿ ಮುಗಿದಿದೆ. ಮುಂದಿನ ತುದಿಯಲ್ಲಿ ಎರಡು ಮುಖದ ಹೆಲಿಕ್ಸ್ ಸಿಕ್ಕರೆ ಮೈಟೊಕಾಂಡ್ರಿಯಾ. ಈ ಬಾಗಿಲು ದಾಟಲು ಪ್ರೋಟೀನ್ ಬಿಚ್ಚಿಕೊಂಡೇ ಇರಬೇಕು, ಮಡಚಿ ಗಟ್ಟಿಯಾದರೆ ನುಗ್ಗಲಾರದು.

ಆಮೇಲೆ ಕೊನೆಯ ಮೂರು ಅಕ್ಷರ. ಎಸ್-ಕೆ-ಎಲ್ ಅಥವಾ ಅದರ ಹತ್ತಿರದ್ದು ಇದ್ದರೆ ಪೆರಾಕ್ಸಿಸೋಮ್. ಈ ಬಾಗಿಲು ಮೈಟೊಕಾಂಡ್ರಿಯಾಗೆ ತದ್ವಿರುದ್ಧ, ಮಡಚಿ ಜೋಡಿಯಾದ ಪ್ರೋಟೀನನ್ನೂ ಒಳಗೆ ಬಿಡುತ್ತದೆ. ಈ ವ್ಯತ್ಯಾಸ ಹಂತ 7ರಲ್ಲಿ ಬೇಕಾಗುತ್ತದೆ.

ನ್ಯೂಕ್ಲಿಯಸ್ ಗುರುತು ಸೀಕ್ವೆನ್ಸಿನಲ್ಲಿ ಎಲ್ಲಿ ಬೇಕಾದರೂ ಇರಬಹುದು. ಎಸ್‌ವಿ40 ವೈರಸ್ಸಿನ ಪಿ-ಕೆ-ಕೆ-ಕೆ-ಆರ್-ಕೆ-ವಿ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಇದನ್ನು ಕತ್ತರಿಸಿ ಎಸೆಯುವುದಿಲ್ಲ. ಕೋಶ ವಿಭಜನೆಯಾಗುವಾಗ ನ್ಯೂಕ್ಲಿಯಸ್ಸಿನ ಪೊರೆ ಕಳಚಿ ಪ್ರೋಟೀನುಗಳೆಲ್ಲ ಚೆಲ್ಲಿಹೋಗುತ್ತವೆ, ಮತ್ತೆ ಒಳಗೆ ಬರಲು ಅದೇ ಗುರುತು ಬೇಕು. ಆದರೆ ಕೆ ಮತ್ತು ಆರ್ ಗುಂಪು ಕಂಡಲ್ಲೆಲ್ಲ ನ್ಯೂಕ್ಲಿಯಸ್ ಅನ್ನಬೇಡಿ. ಗುಂಪು ಪ್ರೋಟೀನಿನ ಹೊಟ್ಟೆಯೊಳಗೆ ಮಡಚಿಕೊಂಡಿದ್ದರೆ ಯಾರಿಗೂ ಕಾಣುವುದಿಲ್ಲ. ಸುಮಾರು 40 ಕಿಲೋಡಾಲ್ಟನ್‌ಗಿಂತ ಚಿಕ್ಕ ಪ್ರೋಟೀನ್ ಗುರುತಿಲ್ಲದೆಯೂ ನ್ಯೂಕ್ಲಿಯಸ್ಸಿನ ರಂಧ್ರದಲ್ಲಿ ಆಚೀಚೆ ಹೋಗಿಬರುತ್ತದೆ ಎಂಬುದನ್ನೂ ಮರೆಯಬೇಡಿ.

ಕೊಬ್ಬಿನ ಬಾಲ ಅಂಟಿಸಿಕೊಂಡು ಪೊರೆಗೆ ಹತ್ತುವ ಪ್ರೋಟೀನುಗಳೂ ಇವೆ. ರಾಸ್ ಪ್ರೋಟೀನಿನ ಕೊನೆಯಿಂದ ನಾಲ್ಕನೆಯದು ಸಿಸ್ಟೀನ್, ಅಲ್ಲಿ ಫಾರ್ನೆಸಿಲ್ ಎಂಬ ಇಂಥ ಬಾಲ ಅಂಟುತ್ತದೆ. ಯಾವ ಗುರುತೂ ಸಿಗದಿದ್ದರೆ ಸೈಟೋಸಾಲ್ ಎಂದೇ ಬರೆಯಿರಿ. ಅದೂ ಒಂದು ಉತ್ತರ.

## ಹಂತ 6: ಹಿಡಿದಿಟ್ಟಿರುವುದು ಏನು?

ಪ್ರಶ್ನೆಯ ಎರಡನೆಯ ಅರ್ಧ ಇದು. ಅಂಕ ಜಾಸ್ತಿ ಇರುವುದೂ ಇಲ್ಲೇ, ಜನ ಬರೆಯದೆ ಬಿಡುವುದೂ ಇಲ್ಲೇ. ಪ್ರೋಟೀನ್ ಒಂದು ಜಾಗ ತಲುಪಿದ ಕಾರಣ ಬೇರೆ, ಅಲ್ಲೇ ಉಳಿದ ಕಾರಣ ಬೇರೆ ಇರಬಹುದು.

ಸೈಟೋಕ್ರೋಮ್ ಸಿ ತೆಗೆದುಕೊಳ್ಳಿ. ಮೈಟೊಕಾಂಡ್ರಿಯಾದ ಎರಡು ಪೊರೆಗಳ ನಡುವೆ ಇರುತ್ತದೆ. ಸೀಕ್ವೆನ್ಸಿನ ಮುಂದಿನ ತುದಿಯಲ್ಲಿ ಕತ್ತರಿಸುವ ಗುರುತು ಹುಡುಕಿದರೆ ಸಿಗುವುದಿಲ್ಲ. ಹೊರಪೊರೆ ದಾಟಿ ಒಳಬಂದ ಮೇಲೆ ಅಲ್ಲಿನ ಕಿಣ್ವ ಇದಕ್ಕೆ ಹೀಮ್ ಎಂಬ ಕಬ್ಬಿಣದ ಅಣುವನ್ನು ಜೋಡಿಸುತ್ತದೆ. ಹೀಮ್ ಕೂತ ಮೇಲೆ ಪ್ರೋಟೀನ್ ಗಟ್ಟಿಯಾಗಿ ಮಡಚಿಕೊಂಡು, ಬಂದ ದಾರಿಯಲ್ಲಿ ವಾಪಸ್ ಹೋಗಲಾರದು. ಕೋಶ ಸಾಯಲು ಹೊರಟಾಗ ಬ್ಯಾಕ್ಸ್, ಬ್ಯಾಕ್ ಪ್ರೋಟೀನುಗಳು ಹೊರಪೊರೆಯಲ್ಲಿ ತೂತು ಮಾಡುತ್ತವೆ. ಆಗ ಹೊರಬಂದ ಸೈಟೋಕ್ರೋಮ್ ಸಿ ಕೋಶವನ್ನು ಕೊಲ್ಲುವ ಕಾಸ್ಪೇಸ್ ಕಿಣ್ವಗಳನ್ನು ಎಬ್ಬಿಸುತ್ತದೆ. ಒಳಗೆ ಉಸಿರಾಟಕ್ಕೆ ದುಡಿಯುವ ಪ್ರೋಟೀನ್ ಹೊರಗೆ ಬಂದರೆ ಕೋಶದ ಸಾವಿಗೆ ಕಾರಣ. ಅಷ್ಟು ಮುಖ್ಯ ಈ ಜಾಗ ಅನ್ನುವುದು.

ಜೀನುಗಳನ್ನು ಆನ್ ಮಾಡುವ ಎನ್‌ಎಫ್-ಕಪ್ಪಾ-ಬಿ ಪ್ರೋಟೀನ್ ಇನ್ನೊಂದು ಥರ. ಅದಕ್ಕೆ ನ್ಯೂಕ್ಲಿಯಸ್ ಗುರುತು ಇದೆ, ಆದರೂ ಸೈಟೋಸಾಲಿನಲ್ಲಿ ಕೂತಿರುತ್ತದೆ. ಐ-ಕಪ್ಪಾ-ಬಿ ಎಂಬ ಪ್ರೋಟೀನ್ ಮೇಲೆ ಕೂತು ಗುರುತನ್ನು ಮುಚ್ಚಿರುತ್ತದೆ. ಸೋಂಕಿನಂಥ ಸುದ್ದಿ ಬಂದಾಗ ಆ ಮುಚ್ಚಳ ಒಡೆದುಹೋಗುತ್ತದೆ, ಆಗ ಒಳಗೆ ಹೋಗುತ್ತದೆ. ಹಾಗಾಗಿ ‘ಎಲ್ಲಿ’ ಜೊತೆಗೆ ‘ಯಾವಾಗ’ ಎಂದೂ ಬರೆಯಬೇಕು.

ಇನ್ನು ಕೆಲವು ಪ್ರೋಟೀನುಗಳು ನಿಂತ ಹಾಗೆ ಕಂಡರೂ ಓಡಾಡುತ್ತಲೇ ಇರುತ್ತವೆ. ಒಳಗೆ ತರುವ ಗುರುತು, ಹೊರಗೆ ಕಳಿಸುವ ಗುರುತು ಎರಡೂ ಇರುತ್ತವೆ, ಯಾವುದು ಬಲವೋ ಅಲ್ಲಿ ಜಾಸ್ತಿ ಕಾಣುತ್ತವೆ. ಇದನ್ನು ಪತ್ತೆ ಹಚ್ಚಲು ಲೆಪ್ಟೋಮೈಸಿನ್ ಬಿ ಎಂಬ ರಾಸಾಯನಿಕ ಹಾಕುತ್ತಾರೆ. ಅದು ನ್ಯೂಕ್ಲಿಯಸ್ಸಿನಿಂದ ಹೊರಗೆ ಒಯ್ಯುವ ಸಿಆರ್‌ಎಂ1 ಅನ್ನು ತಡೆಯುತ್ತದೆ. ಸೈಟೋಸಾಲಿನಲ್ಲಿದ್ದ ಪ್ರೋಟೀನ್ ಸ್ವಲ್ಪ ಹೊತ್ತಿನಲ್ಲಿ ನ್ಯೂಕ್ಲಿಯಸ್ಸಿನಲ್ಲಿ ತುಂಬಿಕೊಂಡರೆ ಅದು ಓಡಾಡುವ ಪ್ರೋಟೀನ್.

## ಹಂತ 7: ಒಂದು ಪೂರ್ತಿ ಉದಾಹರಣೆ, ಎಜಿಟಿ

ಎಜಿಟಿ ಲಿವರಿನ ಕಿಣ್ವ. ಪೂರ್ತಿ ಹೆಸರು ಅಲನೀನ್-ಗ್ಲೈಆಕ್ಸಿಲೇಟ್ ಅಮೈನೋಟ್ರಾನ್ಸ್‌ಫರೇಸ್. ಉದ್ದ 392. ಇದನ್ನು ಆರಿಸಿದ್ದಕ್ಕೆ ಕಾರಣ ಇದೆ. ಕೆಲಸ ಕೆಡದೆ ಬರೀ ಜಾಗ ತಪ್ಪಿದರೆ ಏನಾಗುತ್ತದೆ ಎಂದು ತೋರಿಸಲು ಇದಕ್ಕಿಂತ ಸ್ಪಷ್ಟ ಪ್ರೋಟೀನ್ ನನಗೆ ಕಾಣುವುದಿಲ್ಲ.

ಮುಂದಿನ ತುದಿ: ಎಂ-ಎ-ಎಸ್-ಎಚ್-ಕೆ-ಎಲ್-ಎಲ್-ವಿ-ಟಿ-ಪಿ-ಪಿ. ಗಟ್ಟಿ ತುಂಡು ಇಲ್ಲ, ಇಆರ್ ಅಲ್ಲ. ಹೆಲಿಕ್ಸ್ ಆಗಬಹುದೇ? 10 ಮತ್ತು 11ರಲ್ಲಿ ಪ್ರೋಲೀನ್ ಕೂತಿದೆ. ಪ್ರೋಲೀನ್ ಹೆಲಿಕ್ಸನ್ನು ಮುರಿಯುತ್ತದೆ, ಹಾಗಾಗಿ ಮೈಟೊಕಾಂಡ್ರಿಯಾ ಗುರುತು ಕೂಡುವುದಿಲ್ಲ. ಕೊನೆಯ ಮೂರು ಅಕ್ಷರ ಕೆ-ಕೆ-ಎಲ್. ಎಸ್-ಕೆ-ಎಲ್ ಅಲ್ಲ, ಆದರೆ ಅದರ ಹತ್ತಿರದ್ದು. ಉತ್ತರ: ಪೆರಾಕ್ಸಿಸೋಮ್. ಮನುಷ್ಯರಲ್ಲಿ ಇದು ಇರುವುದೂ ಅಲ್ಲೇ.

ಈಗ ಒಂದು ಅಕ್ಷರ ಬದಲಿಸಿ. ಕೆಲವು ಜನರಲ್ಲಿ 11ನೆಯ ಪ್ರೋಲೀನ್ ಬದಲು ಲೂಸೀನ್ ಇರುತ್ತದೆ. ಹೆಲಿಕ್ಸ್ ಕೂಡಲು ಇದ್ದ ಅಡ್ಡಿ ಕಡಿಮೆಯಾಯಿತು, ಒಂದು ದುರ್ಬಲ ಮೈಟೊಕಾಂಡ್ರಿಯಾ ಗುರುತು ಹುಟ್ಟಿತು. ಇಷ್ಟಕ್ಕೇ ಕಾಯಿಲೆ ಬರುವುದಿಲ್ಲ. ಎಜಿಟಿ ಬೇಗ ಮಡಚಿ ಜೋಡಿಯಾಗುತ್ತದೆ, ಮೈಟೊಕಾಂಡ್ರಿಯಾ ಬಾಗಿಲು ಮಡಚಿದ್ದನ್ನು ಬಿಡುವುದಿಲ್ಲ. ಶೇಕಡಾ 5ರಷ್ಟು ಮಾತ್ರ ಅತ್ತ ಹೋಗುತ್ತದೆ. ಇದರ ಜೊತೆಗೆ 170ನೆಯ ಗ್ಲೈಸೀನ್ ಆರ್ಜಿನೀನ್ ಆದರೆ ಕತೆ ಬೇರೆ. ಮಡಚುವುದು, ಜೋಡಿಯಾಗುವುದು ನಿಧಾನವಾಗುತ್ತದೆ. ಬಿಚ್ಚಿಕೊಂಡಿರುವ ಹೊತ್ತು ಜಾಸ್ತಿ, ಅಷ್ಟರಲ್ಲಿ ಮುಂದಿನ ತುದಿಯ ದುರ್ಬಲ ಗುರುತೂ ಕೆಲಸ ಮಾಡಿಬಿಡುತ್ತದೆ. ಸುಮಾರು ಶೇಕಡಾ 90 ಮೈಟೊಕಾಂಡ್ರಿಯಾ ಸೇರುತ್ತದೆ.

ಅಲ್ಲಿ ಹೋದ ಕಿಣ್ವ ಸತ್ತಿಲ್ಲ. ಆದರೆ ಅದು ಸಂಭಾಳಿಸಬೇಕಾದ ಗ್ಲೈಆಕ್ಸಿಲೇಟ್ ಪೆರಾಕ್ಸಿಸೋಮಿನಲ್ಲಿದೆ. ಅಲ್ಲಿ ಹಿಡಿಯುವವರಿಲ್ಲದೆ ಸೈಟೋಸಾಲಿಗೆ ಹೋಗಿ ಆಕ್ಸಲೇಟ್ ಆಗುತ್ತದೆ. ಆಕ್ಸಲೇಟ್ ಕ್ಯಾಲ್ಸಿಯಂ ಜೊತೆ ಸೇರಿ ಕಿಡ್ನಿಯಲ್ಲಿ ಕಲ್ಲು. ಇದು ಪ್ರೈಮರಿ ಹೈಪರ್‌ಆಕ್ಸಲೂರಿಯಾ ಒಂದನೇ ವಿಧ. ನಮ್ಮ ಬಿಸಿಲಿನಲ್ಲಿ ನೀರು ಕಡಿಮೆ ಕುಡಿದು ಬರುವ ಸಾಮಾನ್ಯ ಕಿಡ್ನಿ ಕಲ್ಲಿಗೂ ಇದಕ್ಕೂ ಗೊಂದಲ ಬೇಡ, ಇದು ಅಪರೂಪದ ಆನುವಂಶಿಕ ಕಾಯಿಲೆ. 170ರ ಈ ಬದಲಾವಣೆ ಇರುವ ರೋಗಿಗಳಲ್ಲಿ ಹಲವರಿಗೆ ವಿಟಮಿನ್ ಬಿ6 ಉಪಯೋಗಕ್ಕೆ ಬರುತ್ತದೆ. ಅದರಿಂದ ಸಿಗುವ ಸಹಕಿಣ್ವ ಎಜಿಟಿ ಸರಿಯಾಗಿ ಮಡಚಿಕೊಳ್ಳಲು ನೆರವಾಗುತ್ತದೆ.

ಈ ಉದಾಹರಣೆಯನ್ನು ಪುಸ್ತಕ ಮುಚ್ಚಿ ಒಮ್ಮೆ ಬರೆದು ನೋಡಿ. ಕ್ರಮ ಅರ್ಥವಾಗಿದೆಯೋ ಇಲ್ಲವೋ ತಾನಾಗಿ ಗೊತ್ತಾಗುತ್ತದೆ.

## ಹಂತ 8: ಈಗ ಟೂಲ್ ತೆರೆಯಿರಿ

ನಿಮ್ಮ ಉತ್ತರ ಬರೆದ ಮೇಲೆಯೇ. ಮೊದಲು ಸಿಗ್ನಲ್‌ಪಿ, ಆಮೇಲೆ ಟಾರ್ಗೆಟ್‌ಪಿ, ಆಮೇಲೆ ಡೀಪ್‌ಟಿಎಂಎಚ್‌ಎಂಎಂ, ಕೊನೆಗೆ ಡೀಪ್‌ಲಾಕ್. ಪ್ರಾಣಿಯೋ ಗಿಡವೋ ಎಂಬ ಆಯ್ಕೆ ಕೇಳಿದರೆ ಸರಿಯಾಗಿ ಕೊಡಿ. ತೊಗರಿ ಪ್ರೋಟೀನನ್ನು ಪ್ರಾಣಿಯ ಆಯ್ಕೆಯಲ್ಲಿ ಹಾಕಿದರೆ ಕ್ಲೋರೋಪ್ಲಾಸ್ಟ್ ಲೆಕ್ಕಕ್ಕೇ ಬರುವುದಿಲ್ಲ.

ಪೊರೆ ತುಂಡು ಹುಡುಕುವ ಹಳೆಯ ಟೂಲುಗಳು ಸಿಗ್ನಲ್ ಪೆಪ್ಟೈಡನ್ನೇ ಪೊರೆ ತುಂಡು ಎಂದು ಹೇಳುವುದುಂಟು. ಮೊದಲ 30 ಅಕ್ಷರದೊಳಗೆ ಒಂದೇ ಒಂದು ತುಂಡು ತೋರಿಸಿದರೆ ಅನುಮಾನ ಪಡಿ. ಟೂಲ್ ಮತ್ತು ನಿಮ್ಮ ಉತ್ತರ ಬೇರೆಯಾದರೆ ನಿಮ್ಮದನ್ನು ಹೊಡೆದು ಹಾಕಬೇಡಿ. ಯಾವ ಹಂತದಲ್ಲಿ ಬೇರೆಯಾಯಿತು ಎಂದು ಹುಡುಕಿ.

## ಹಂತ 9: ಲ್ಯಾಬಿನಲ್ಲಿ ಖಚಿತ ಮಾಡುವುದು

ಜಿಎಫ್‌ಪಿ ಎಂಬ ಹಸಿರು ಹೊಳೆಯುವ ಪ್ರೋಟೀನ್ ಅಂಟಿಸಿ ಮೈಕ್ರೋಸ್ಕೋಪಿನಲ್ಲಿ ನೋಡುವವರು ಎರಡು ತುದಿಗೂ ಬೇರೆ ಬೇರೆಯಾಗಿ ಅಂಟಿಸಿ ನೋಡಬೇಕು. ಮುಂದಿನ ತುದಿಗೆ ಅಂಟಿಸಿದರೆ ಸಿಗ್ನಲ್ ಪೆಪ್ಟೈಡ್ ಮುಚ್ಚುತ್ತದೆ, ಕೊನೆಗೆ ಅಂಟಿಸಿದರೆ ಕೆ-ಡಿ-ಇ-ಎಲ್, ಎಸ್-ಕೆ-ಎಲ್ ಮುಚ್ಚುತ್ತವೆ. ಜಿಎಫ್‌ಪಿ 27 ಕಿಲೋಡಾಲ್ಟನ್. ಅದರ ಜೊತೆ ಚಿಕ್ಕ ಪ್ರೋಟೀನ್ ಸೇರಿಸಿ ನ್ಯೂಕ್ಲಿಯಸ್ಸಿನಲ್ಲಿ ಹಸಿರು ಕಂಡರೆ ಅದು ಸುಮ್ನೆ ಸೋರಿದ್ದೂ ಇರಬಹುದು.

ಹೆಚ್ಚಿನ ಕಾಲೇಜುಗಳಲ್ಲಿ ಕೈಗೆ ಸಿಗುವುದು ಸೆಂಟ್ರಿಫ್ಯೂಜ್. ಮಟನ್ ಅಂಗಡಿಯಿಂದ ಆಗಷ್ಟೇ ತೆಗೆದ ಮೇಕೆ ಲಿವರನ್ನು ಐಸ್ ಡಬ್ಬಿಯಲ್ಲಿ ತನ್ನಿ. 0.25 ಮೋಲಾರ್ ಸುಕ್ರೋಸ್, ಪಿಎಚ್ 7.4ರಲ್ಲಿ, ಐಸ್ ಮೇಲೆಯೇ ಅರೆಯಿರಿ. 600 ಜಿಯಲ್ಲಿ 10 ನಿಮಿಷ ತಿರುಗಿಸಿದರೆ ನ್ಯೂಕ್ಲಿಯಸ್ ಮತ್ತು ಒಡೆಯದ ಕೋಶ ತಳಕ್ಕೆ. ಮೇಲಿನದನ್ನು 10,000 ಜಿಯಲ್ಲಿ 20 ನಿಮಿಷ ತಿರುಗಿಸಿದರೆ ಮೈಟೊಕಾಂಡ್ರಿಯಾ, ಲೈಸೋಸೋಮ್, ಪೆರಾಕ್ಸಿಸೋಮ್ ತಳಕ್ಕೆ. ಮೈಕ್ರೋಸೋಮ್ ಎನ್ನುವ ಇಆರ್ ಚೂರುಗಳು ಇಳಿಯಲು 1,00,000 ಜಿ, ಒಂದು ತಾಸು ಬೇಕು. ಅಂಥ ಮಷಿನ್ ಇಲ್ಲದಿದ್ದರೆ ಎರಡನೆಯದಕ್ಕೇ ನಿಲ್ಲಿಸಿ, ಮೇಲಿನ ನೀರಿಗೆ ‘ಸೈಟೋಸಾಲ್ ಮತ್ತು ಮೈಕ್ರೋಸೋಮ್’ ಎಂದೇ ಹೆಸರು ಬರೆಯಿರಿ. ಬರೀ ಸೈಟೋಸಾಲ್ ಎಂದರೆ ಸುಳ್ಳಾಗುತ್ತದೆ.

ಜಿ (ಗುರುತ್ವದ ಎಷ್ಟು ಪಟ್ಟು ಬಲ) ಬೇರೆ, ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಬೇರೆ. ರೋಟರಿನ ತ್ರಿಜ್ಯ ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಆರ್‌ಪಿಎಂ ವರ್ಗದಿಂದ ಗುಣಿಸಿ, 0.00001118ರಿಂದ ಗುಣಿಸಿ. ತ್ರಿಜ್ಯ 8 ಸೆಂಟಿಮೀಟರ್ ಇದ್ದು 10,000 ಆರ್‌ಪಿಎಂನಲ್ಲಿ ತಿರುಗಿಸಿದರೆ ಸುಮಾರು 8,900 ಜಿ ಮಾತ್ರ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತದೆ. ರೋಟರ್, ಟ್ಯೂಬ್, ಬಫರ್ ಎಲ್ಲ ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿರಲಿ. ಬೆಳಿಗ್ಗೆ ಬೇಗ ಶುರು ಮಾಡಿ. ತಿರುಗುವ ನಡುವೆ ಕರೆಂಟ್ ಹೋದರೆ ಆ ಸ್ಯಾಂಪಲ್ ಬಿಡಿ. ಬೆಚ್ಚಗಾದ ಲೈಸೋಸೋಮ್ ಒಡೆದು ಅದರ ಕಿಣ್ವಗಳು ನಿಮ್ಮ ಪ್ರೋಟೀನನ್ನೇ ತಿಂದಿರುತ್ತವೆ.

ಪ್ರೋಟೀನ್ ಮೈಟೊಕಾಂಡ್ರಿಯಾ ಒಳಗಿದೆಯೋ, ಹೊರಮೈಗೆ ಅಂಟಿದೆಯೋ ತಿಳಿಯಲು ಮೂರು ಟ್ಯೂಬ್ ಇಡಿ. ಒಂದಕ್ಕೆ ಏನೂ ಬೇಡ. ಇನ್ನೊಂದಕ್ಕೆ ಪ್ರೋಟೀನ್ ಕತ್ತರಿಸುವ ಕಿಣ್ವ ಪ್ರೋಟಿಯೇಸ್ ಕೆ. ಮೂರನೆಯದಕ್ಕೆ ಪ್ರೋಟಿಯೇಸ್ ಕೆ ಜೊತೆ ಪೊರೆ ಕರಗಿಸುವ ಟ್ರೈಟಾನ್ ಎಕ್ಸ್-100. ಎರಡನೆಯದರಲ್ಲಿ ಉಳಿದು ಮೂರನೆಯದರಲ್ಲಿ ಹೋದರೆ ಒಳಗಿತ್ತು. ಎರಡನೆಯದರಲ್ಲೇ ಹೋದರೆ ಹೊರಗೆ ಅಂಟಿತ್ತು. ಜೆಲ್ ಬಫರ್ ಹಾಕುವ ಮೊದಲು ಪಿಎಂಎಸ್‌ಎಫ್ ಹಾಕಿ ಪ್ರೋಟಿಯೇಸ್ ನಿಲ್ಲಿಸಿ. ಪಿಎಂಎಸ್‌ಎಫ್ ನೀರಿನಲ್ಲಿ ಬೇಗ ಕೆಡುತ್ತದೆ, ಆಗಿಂದಾಗಲೇ ಬೆರೆಸಿ.

## ಎಚ್ಚರಿಕೆಯ ಗುರುತುಗಳು

ಎಲ್ಲ ಭಾಗದಲ್ಲೂ ಪ್ರೋಟೀನ್ ಸಮನಾಗಿ ಸಿಕ್ಕರೆ, ಅರೆಯುವಾಗ ಅಂಗಕಗಳು ಒಡೆದಿರಬಹುದು. ಗೊತ್ತಿರುವ ಕಿಣ್ವಗಳನ್ನು ಜೊತೆಗೇ ಅಳೆಯಿರಿ: ಮೈಟೊಕಾಂಡ್ರಿಯಾಗೆ ಸಕ್ಸಿನೇಟ್ ಡಿಹೈಡ್ರೋಜಿನೇಸ್, ಪೆರಾಕ್ಸಿಸೋಮಿಗೆ ಕೆಟಲೇಸ್, ಲೈಸೋಸೋಮಿಗೆ ಆಸಿಡ್ ಫಾಸ್ಫಟೇಸ್, ಸೈಟೋಸಾಲಿಗೆ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್.

ಕೆಟಲೇಸ್ ಬಹುಪಾಲು ಮೇಲಿನ ನೀರಿನಲ್ಲೇ ಸಿಕ್ಕರೆ ಪೆರಾಕ್ಸಿಸೋಮ್ ಒಡೆದಿದೆ. ಅಂಥ ತಯಾರಿಕೆಯಲ್ಲಿ ‘ಎಜಿಟಿ ಸೈಟೋಸಾಲಿನಲ್ಲಿದೆ’ ಎಂದು ಬರೆಯಬೇಡಿ.

ಜಿಎಫ್‌ಪಿ ಪ್ರಯೋಗದಲ್ಲಿ ಅತಿ ಹೊಳೆಯುವ ಕೋಶವನ್ನೇ ಆರಿಸಿ ಫೋಟೋ ತೆಗೆಯಬೇಡಿ. ಪ್ರೋಟೀನ್ ಮಿತಿ ಮೀರಿ ತಯಾರಾದಾಗ ಕೆ-ಡಿ-ಇ-ಎಲ್ ರಿಸೆಪ್ಟರ್ ಸಾಲದೆ ಹೊರಗೆ ಸೋರುತ್ತದೆ. ಮಂದವಾಗಿ ಹೊಳೆಯುವ ಕೋಶಗಳಲ್ಲೂ ಅದೇ ಜಾಗ ಕಾಣಬೇಕು.

ಮೂರನೆಯ ಟ್ಯೂಬಿನಲ್ಲೂ ಪ್ರೋಟೀನ್ ಉಳಿದುಕೊಂಡರೆ ಆ ಪ್ರಯೋಗದಿಂದ ಏನನ್ನೂ ಹೇಳುವಂತಿಲ್ಲ. ಪ್ರೋಟಿಯೇಸ್ ಸತ್ತಿರಬಹುದು, ಇಲ್ಲವೇ ಆ ಪ್ರೋಟೀನೇ ಜಗ್ಗದಷ್ಟು ಗಟ್ಟಿ ಇರಬಹುದು. ಹೊಸ ಪ್ರೋಟಿಯೇಸ್ ತೆಗೆದು, ಮೈಟೊಕಾಂಡ್ರಿಯಾ ಒಳಗೆ ಇರುವುದು ಖಚಿತವಾಗಿ ಗೊತ್ತಿರುವ ಇನ್ನೊಂದು ಪ್ರೋಟೀನನ್ನು ಅದೇ ಜೆಲ್‌ನಲ್ಲಿ ಪಕ್ಕದಲ್ಲಿಟ್ಟು ಮತ್ತೆ ಮಾಡಿ.